ಕಲ್ಲಿಲ್ಲ, ಮರವಿಲ್ಲ, ಮಳೆಯಿಲ್ಲ: ಮೊದಲ ನಗರಗಳು ದಕ್ಷಿಣ ಇರಾಕಿನಲ್ಲೇ ಎದ್ದದ್ದು ಯಾಕೆ?

(ಓದುಗರ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಬಯಲುಸೀಮೆ

ಶಾಲಾ ಪಠ್ಯದಿಂದ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ತನಕ ಒಂದೇ ಮಾತು: ನದಿ ಇತ್ತು, ಮೆಕ್ಕಲು ಮಣ್ಣಿತ್ತು, ಹಾಗಾಗಿ ನಾಗರಿಕತೆ ಹುಟ್ಟಿತು. ಇಷ್ಟೇ ಕಾರಣವಾದರೆ ಜಗತ್ತಿನ ಎಲ್ಲ ನದಿದಡದಲ್ಲೂ ನಗರ ಏಳಬೇಕಿತ್ತು. ಸುಮೇರ್, ಅಂದರೆ ಇಂದಿನ ದಕ್ಷಿಣ ಇರಾಕಿನ ಪ್ರದೇಶದಲ್ಲಿ ವರ್ಷಕ್ಕೆ 100ರಿಂದ 150 ಮಿ.ಮೀ. ಮಳೆ. ಮಳೆ ನಂಬಿ ಬಾರ್ಲಿ ಬೆಳೆಯಲು ಕಡಿಮೆ ಎಂದರೂ 200–250 ಮಿ.ಮೀ. ಬೇಕು. ಕಟ್ಟಡದ ಕಲ್ಲಿಲ್ಲ, ತೊಲೆಗೆ ಮರವಿಲ್ಲ, ಲೋಹವಂತೂ ಇಲ್ಲವೇ ಇಲ್ಲ. ಆದರೂ ಕ್ರಿ.ಪೂ. 4ನೇ ಸಹಸ್ರಮಾನದ ಕೊನೆಗೆ ಉರುಕ್ ನಗರ ಸುಮಾರು 250 ಹೆಕ್ಟೇರಿಗೆ ಬೆಳೆದಿತ್ತು. ನೀರು, ಮಣ್ಣು, ಆಳುಗಳ ಲೆಕ್ಕ ಹಿಡಿದು ಇದನ್ನು ವಿವರಿಸಬಲ್ಲವರು ದಯವಿಟ್ಟು ಬರೆಯಿರಿ. ಪರಿಕಲ್ಪನೆಯ ಹೆಸರುಗಳಷ್ಟೇ ಸಾಲದು.

ತೂಬು

ಮೊದಲು ಇಳಿಜಾರು ನೋಡಿ. ಬಾಗ್ದಾದ್ ಸಮುದ್ರಮಟ್ಟಕ್ಕಿಂತ ಸುಮಾರು 35 ಮೀಟರ್ ಮೇಲಿದೆ, ಪರ್ಷಿಯನ್ ಕೊಲ್ಲಿ ಅಲ್ಲಿಂದ 550 ಕಿ.ಮೀ. ದೂರ. ಅಂದರೆ ಕಿಲೋಮೀಟರಿಗೆ ಆರೇಳು ಸೆಂಟಿಮೀಟರ್ ಇಳುಕಲು. ಇಷ್ಟು ಚಪ್ಪಟೆ ನೆಲದಲ್ಲಿ ಹರಿಯುವ ನದಿ ಹೂಳನ್ನು ಹೊತ್ತೊಯ್ಯಲಾರದೆ ತನ್ನ ಪಾತ್ರದಲ್ಲೂ ಎರಡೂ ದಡದಲ್ಲೂ ಬಿಟ್ಟು ಹೋಗುತ್ತದೆ. ನೂರಾರು ವರ್ಷ ಹೀಗೇ ಆದರೆ ನದಿ ಬಯಲಿಗಿಂತ ಮೇಲೆ ಹರಿಯತೊಡಗುತ್ತದೆ. ದಡದ ದಿಬ್ಬ ಸುತ್ತಲ ತಗ್ಗಿಗಿಂತ ಎರಡು ಮೂರು ಮೀಟರ್ ಎತ್ತರ, ಅಗಲ ಕೆಲವು ಕಿಲೋಮೀಟರ್.

ರೈತನಿಗೆ ಇದರಿಂದ ದೊಡ್ಡ ಅನುಕೂಲ. ನೀರೆತ್ತುವ ಯಾವ ಸಾಧನವೂ ಬೇಡ. ದಿಬ್ಬದ ನೆತ್ತಿಯಲ್ಲಿ ಒಂದು ಕಡೆ ಒಡ್ಡು ಕಡಿದರೆ ನೀರು ಹಿಂಬದಿಯ ಇಳಿಜಾರಿನಲ್ಲಿ ತಾನಾಗಿ ಹೊಲಕ್ಕೆ ಇಳಿಯುತ್ತದೆ. ಅದಕ್ಕೇ ಹೊಲಗಳು ಕಾಲುವೆಯ ಕಡೆ ಕಿರಿದಾಗಿ, ತಗ್ಗಿನ ಕಡೆಗೆ ಉದ್ದವಾಗಿ ಪಟ್ಟಿಪಟ್ಟಿ ಇರುತ್ತಿದ್ದವು. ಮೇಲಿನ ತುದಿಗೆ ನೀರು ಬೇಗ ಬಸಿಯುವ ಒಳ್ಳೆಯ ಮಣ್ಣು, ಕೆಳತುದಿಗೆ ಜೌಗು. ಖರ್ಜೂರದ ತೋಪು ದಿಬ್ಬದ ಮೇಲೆ, ಧಾನ್ಯ ನಡುವೆ, ಜೊಂಡು ಮತ್ತು ಮೀನು ಕೊನೆಯ ಜೌಗಿನಲ್ಲಿ. ಮೂರೂ ಒಂದೆರಡು ಗಂಟೆ ನಡೆಯುವ ದೂರದೊಳಗೆ ಸಿಗುತ್ತಿದ್ದವು.

ತೊಂದರೆ ಇರುವುದು ಕಾಲದಲ್ಲಿ. ಬಿತ್ತನೆ ಅಕ್ಟೋಬರ್–ನವೆಂಬರಿನಲ್ಲಿ, ಆಗ ಅಲ್ಲಿನ ಮುಖ್ಯ ನದಿ ಯೂಫ್ರೆಟಿಸ್ ಅತ್ಯಂತ ಬತ್ತಿರುತ್ತದೆ. ಅನಟೋಲಿಯಾದ (ಇಂದಿನ ಟರ್ಕಿಯ) ಬೆಟ್ಟಗಳ ಹಿಮ ಕರಗಿ ಪ್ರವಾಹ ಏರುವುದು ಏಪ್ರಿಲ್–ಮೇನಲ್ಲಿ, ಸರಿಯಾಗಿ ಕೊಯ್ಲಿನ ಹೊತ್ತಿಗೆ. ಬೇಕಾದಾಗ ನೀರನ್ನು ಅಗೆದು ತರಬೇಕು, ಬೇಡವಾದಾಗ ಒಡ್ಡು ಕಟ್ಟಿ ತಡೆಯಬೇಕು. ಎರಡನ್ನೂ ಒಂಟಿ ಕುಟುಂಬ ಮಾಡಲಾಗದು.

ನೈಲ್ ದಂಡೆ

ಈಜಿಪ್ಟಿನ ಜೊತೆ ಇಟ್ಟು ನೋಡಿದರೆ ತೂಬು ಅವರ ಮಾತಿನ ತೂಕ ತಿಳಿಯುತ್ತದೆ. ನೈಲ್ ಪ್ರವಾಹ ಬರುವುದು ಇಥಿಯೋಪಿಯಾದ ಬೇಸಿಗೆ ಮಳೆಯಿಂದ. ಜುಲೈಯಲ್ಲಿ ಏರಿ ಅಕ್ಟೋಬರ್ ಹೊತ್ತಿಗೆ ಇಳಿಯುತ್ತದೆ. ಒಡ್ಡು ಕಟ್ಟಿದ ದೊಡ್ಡ ಪಾತಿಗಳಲ್ಲಿ ನೀರು ಒಂದರಿಂದ ಒಂದೂವರೆ ಮೀಟರ್ ಆಳಕ್ಕೆ 40ರಿಂದ 60 ದಿನ ನಿಲ್ಲುತ್ತಿತ್ತು. ಆಮೇಲೆ ಒಡ್ಡು ಕಡಿದು ಕೆಳಗಿನ ಪಾತಿಗೋ ನದಿಗೋ ಬಿಟ್ಟರೆ ನೆಲ ನೆನೆದಿದೆ, ಹೊಸ ಹೂಳು ಕೂತಿದೆ, ಹಿಂದಿನ ವರ್ಷದ ಉಪ್ಪು ತೊಳೆದು ಹೋಗಿದೆ. ಆ ಹದದಲ್ಲಿ ಬಿತ್ತಿ ಮಾರ್ಚ್–ಏಪ್ರಿಲಿಗೆ ಕೊಯ್ಯುವುದು. ನಡುವೆ ನೀರು ಹಾಯಿಸುವ ಅಗತ್ಯವೇ ಕಡಿಮೆ. ಏತದಂಥ ನೀರೆತ್ತುವ ಸಾಧನ ಅಲ್ಲಿ ಕಾಣಿಸುವುದು ಬಹಳ ತಡವಾಗಿ, ಈಜಿಪ್ಟಿನ ‘ಹೊಸ ರಾಜ್ಯ’ ಎಂದು ಕರೆಯುವ ಕಾಲದಲ್ಲಿ (ಕ್ರಿ.ಪೂ. 16ನೇ ಶತಮಾನದ ನಂತರ).

ಅಲ್ಲಿ ಅಪಾಯ ನೀರಿನ ಮಟ್ಟದ್ದು. ಪ್ರವಾಹ ತಗ್ಗಿದರೆ ಎತ್ತರದ ಪಾತಿಗಳಿಗೆ ನೀರೇ ಏರುವುದಿಲ್ಲ, ಅತಿಯಾದರೆ ಒಡ್ಡೂ ಊರೂ ಕೊಚ್ಚಿಹೋಗುತ್ತವೆ. ಅದಕ್ಕೇ ಪಲೆರ್ಮೊ ಶಿಲೆ ಎಂಬ ಪ್ರಾಚೀನ ಈಜಿಪ್ಟಿನ ಶಾಸನದಲ್ಲಿ ರಾಜರ ಆಳ್ವಿಕೆಯ ವರ್ಷಗಳ ಜೊತೆಗೆ ಆಯಾ ವರ್ಷದ ಪ್ರವಾಹದ ಎತ್ತರವನ್ನೂ ಮೊಳ, ಗೇಣಿನ ಲೆಕ್ಕದಲ್ಲಿ ಕೆತ್ತಿದ್ದಾರೆ.

ಹರಿಹರದ ಓದುಗ

ಹಾಗಾದರೆ ಕಾಲುವೆ ತೋಡಲು ಸಾವಿರಾರು ಆಳು ಬೇಕು, ಆಳುಗಳನ್ನು ನಡೆಸಲು ಅಧಿಕಾರಿ ಬೇಕು, ಅಧಿಕಾರಿಯ ಮೇಲೆ ರಾಜ ಬೇಕು. ನೀರಾವರಿಯೇ ರಾಜ್ಯವನ್ನು ಹುಟ್ಟಿಸಿತು ಎಂದು ಇದನ್ನೇ ಅಲ್ಲವೇ ಹೇಳುವುದು?

ತೂಬು

ಆ ವಾದವನ್ನು 1957ರಲ್ಲಿ ಗಟ್ಟಿಯಾಗಿ ಮಂಡಿಸಿದವರು ಇತಿಹಾಸಕಾರ ಕಾರ್ಲ್ ವಿಟ್‌ಫೋಗೆಲ್. ಕೇಳಲು ಚೆನ್ನಾಗಿದೆ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಆಳಿನ ಲೆಕ್ಕವನ್ನೇ ಹಾಕಿ ನೋಡೋಣ.

ಕ್ರಿ.ಪೂ. 21ನೇ ಶತಮಾನದ, ಅಂದರೆ ಸುಮೇರಿನ ನಗರ ಉರ್‌ನ ಮೂರನೇ ರಾಜವಂಶದ ಲೆಕ್ಕದ ಮಣ್ಣಿನ ಫಲಕಗಳಲ್ಲಿ ಮಣ್ಣು ಅಗೆಯುವ ದಿನದ ಪಾಲು ನಿಗದಿಯಾಗಿದೆ. ಆಳಿಗೆ ದಿನಕ್ಕೆ 10 ಗಿನ್, ನಮ್ಮ ಲೆಕ್ಕದಲ್ಲಿ 3 ಘನ ಮೀಟರ್. ಮೇಲ್ಪದರದ ಸಡಿಲ ಮಣ್ಣಿಗೆ ಪಾಲು ಹೆಚ್ಚು, ಆಳಕ್ಕೆ ಇಳಿದಷ್ಟೂ ಕಡಿಮೆ. ಈಗ 5 ಕಿ.ಮೀ. ಉದ್ದ, 3 ಮೀಟರ್ ಅಗಲ, 1 ಮೀಟರ್ ಆಳದ ಕಾಲುವೆ ಎಂದಿಟ್ಟುಕೊಳ್ಳಿ. 15,000 ಘನ ಮೀಟರ್ ಮಣ್ಣು, 5,000 ಆಳಿನ ದಿನ. ನೂರು ಜನ ಐವತ್ತು ದಿನದಲ್ಲಿ ಮುಗಿಸುತ್ತಾರೆ. ಎರಡು ಮೂರು ಹಳ್ಳಿ ಕೂಡಿದರೆ ಸಾಕು, ರಾಜ ಬೇಡ.

ನೆಲದ ಮೇಲಿನ ಸಾಕ್ಷಿಯೂ ಇದನ್ನೇ ಹೇಳುತ್ತದೆ. ಪೂರ್ವ ಇರಾಕಿನ ಮಂದಲಿ ಹತ್ತಿರದ ಚೋಗಾ ಮಾಮಿಯಲ್ಲಿ ಕ್ರಿ.ಪೂ. 6ನೇ ಸಹಸ್ರಮಾನದ ಕಾಲುವೆಗಳು ಸಿಕ್ಕಿವೆ. ಉರುಕ್‌ಗಿಂತ ಎರಡು ಸಾವಿರ ವರ್ಷ ಹಿಂದಿನವು, ಆಗ ಅಲ್ಲಿ ಯಾವ ರಾಜ್ಯವೂ ಇರಲಿಲ್ಲ. ಪುರಾತತ್ತ್ವಜ್ಞ ರಾಬರ್ಟ್ ಮೆಕಾರ್ಮಿಕ್ ಆಡಮ್ಸ್ ದಕ್ಷಿಣ ಇರಾಕಿನ ಬಯಲನ್ನು ವರ್ಷಗಟ್ಟಲೆ ಸಮೀಕ್ಷೆ ಮಾಡಿ ತೋರಿಸಿದ್ದೂ ಅದನ್ನೇ. ಮೊದಲ ಊರುಗಳು ನದಿಯ ಸಹಜ ಕವಲುಗಳ ಪಕ್ಕದಲ್ಲಿವೆ, ಕಾಲುವೆಗಳು ಗಿಡ್ಡ. ನೂರಾರು ಕಿಲೋಮೀಟರಿನ ದೊಡ್ಡ ಕಾಲುವೆಗಳು ನಗರ, ರಾಜ್ಯ ಎರಡೂ ಬಂದ ಎಷ್ಟೋ ಕಾಲದ ನಂತರದವು.

ಹೂಳು

ಕಾಲುವೆ ತೋಡುವುದು ಸುಲಭದ ಕೆಲಸ, ಉಳಿಸಿಕೊಳ್ಳುವುದು ಕಷ್ಟದ್ದು. ಚರ್ಚೆಯಲ್ಲಿ ಇದು ತಪ್ಪಿಹೋಗಬಾರದು.

ನದಿಯಿಂದ ಕಾಲುವೆಗೆ ತಿರುಗಿದ ಕೂಡಲೇ ನೀರಿನ ವೇಗ ಬೀಳುತ್ತದೆ, ದಪ್ಪ ಹೂಳೆಲ್ಲ ಮೊದಲ ಕೆಲವು ನೂರು ಮೀಟರಿನಲ್ಲೇ ಕೂರುತ್ತದೆ. ಬಾಯಿ ಕಟ್ಟಿತೆಂದರೆ ಕೆಳಗಿನ ಹೊಲಕ್ಕೆ ನೀರಿಲ್ಲ. ಮೇಲಿನ ಉದಾಹರಣೆಯಲ್ಲಿ ವರ್ಷಕ್ಕೆ 20 ಸೆಂ.ಮೀ. ಹೂಳು ಎಂದುಕೊಂಡರೆ 3,000 ಘನ ಮೀಟರ್, 1,000 ಆಳಿನ ದಿನ. ಇದು ಪ್ರತಿ ವರ್ಷದ ಕೆಲಸ. ಅದೂ ನೀರು ಇಳಿದಾಗ, ಬಿತ್ತನೆಗೆ ಮುಂಚೆ ಸಿಗುವ ಸಣ್ಣ ಅವಧಿಯಲ್ಲಿ ಆಗಬೇಕು. ಎತ್ತಿದ ಹೂಳನ್ನು ಪಕ್ಕಕ್ಕೇ ಎಸೆಯುತ್ತಾರೆ, ದಡ ವರ್ಷ ವರ್ಷ ಏರುತ್ತದೆ, ಮುಂದಿನ ಬಾರಿ ಇನ್ನೂ ಎತ್ತರಕ್ಕೆ ಎಸೆಯಬೇಕು. ಒಂದು ಹಂತ ದಾಟಿದ ಮೇಲೆ ಹಳೆಯದನ್ನು ಬಿಟ್ಟು ಪಕ್ಕದಲ್ಲಿ ಹೊಸದು ತೋಡುವುದೇ ಅಗ್ಗ. ಇರಾಕಿನ ಬಯಲಿನಲ್ಲಿ ಜೋಡಿ ಜೋಡಿ ಏರಿಗಳು ಸಾಲಾಗಿ ಕಾಣುವುದು ಇದರಿಂದಲೇ.

ಇನ್ನು ಜಗಳ. ಮೇಲಿನವನು ಬಾಯಿಯ ಹತ್ತಿರ ಇರುತ್ತಾನೆ, ಹೂಳು ತೆಗೆಯದಿದ್ದರೂ ಅವನಿಗೆ ನೀರು ಸಿಗುತ್ತದೆ. ಕೊನೆಯ ಹೊಲದವನು ಹೆಚ್ಚು ದುಡಿಯಬೇಕು, ಕಡಿಮೆ ಪಡೆಯಬೇಕು. ಸುಮೇರಿನ ಲಗಾಶ್ ಮತ್ತು ಉಮ್ಮಾ ನಗರಗಳ ನಡುವೆ ಗುಎದೆನ ಎಂಬ ಗಡಿಹೊಲಕ್ಕಾಗಿ ತಲೆಮಾರುಗಟ್ಟಲೆ ನಡೆದ ಜಗಳದ ತಿರುಳು ಇದೇ. ಉಮ್ಮಾ ನೀರಿನ ಮೇಲ್ಗಡೆ, ಲಗಾಶ್ ಕೆಳಗಡೆ. ಲಗಾಶ್‌ನ ದೊರೆ ಎಅನ್ನಾತುಮ್ ಗೆಲುವಿನ ನೆನಪಿಗೆ ನಿಲ್ಲಿಸಿದ ರಣಹದ್ದುಗಳ ಶಿಲೆಯ ತುಣುಕುಗಳು ಈಗ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯ ಲೂವ್ರ್‌ನಲ್ಲಿವೆ. ಗಡಿಕಾಲುವೆಯ ನೀರು, ಗಡಿಕಲ್ಲು, ತೀರಿಸದ ಬಾರ್ಲಿ ಸಾಲ, ಅದರ ಬಡ್ಡಿ ಎಲ್ಲವೂ ಆ ಕಾಲದ ಶಾಸನಗಳಲ್ಲಿ ಬರುತ್ತವೆ.

ಜೇಡಿಮಣ್ಣು

ರಾಜ ಬೇಡ ಎಂಬುದನ್ನು ಒಪ್ಪುತ್ತೇನೆ. ಆದರೆ ಲೆಕ್ಕ ಇಡುವವನು ಬೇಕೇ ಬೇಕು, ಮತ್ತು ಅವನು ರಾಜನಿಗಿಂತ ಮೊದಲು ಕಾಣಿಸಿಕೊಳ್ಳುತ್ತಾನೆ. ನನಗೆ ಇಡೀ ಪ್ರಶ್ನೆಯ ನಡುಗಂಬ ಇದೇ.

ಸುಮೇರಿನ ಹಳೆಯ ಊರು ಎರಿಡುವಿನಲ್ಲಿ 1946–49ರಲ್ಲಿ ಫುಆದ್ ಸಫರ್ ಮತ್ತು ಸೆಟನ್ ಲಾಯ್ಡ್ ಅಗೆದಾಗ ಒಂದರ ಮೇಲೊಂದು ಕಟ್ಟಿದ ಗುಡಿಗಳ ಪದರ ಸಿಕ್ಕಿತು. ಕೆಳಗೆ ಒಂದು ಸಣ್ಣ ಕೋಣೆ, ಮೇಲೆ ಬಂದಂತೆ ಜಗಲಿಯ ಮೇಲಿನ ದೊಡ್ಡ ದೇಗುಲ. ಸುಗ್ಗಿಯ ಒಂದು ಪಾಲು ಗುಡಿಯ ಕಣಜಕ್ಕೆ ಹೋಗುತ್ತದೆ, ಅಲ್ಲಿಂದ ಹೂಳು ತೆಗೆಯುವವರಿಗೆ, ನೇಯುವವರಿಗೆ ಕೂಲಿಯಾಗಿ ಬರುತ್ತದೆ. ಬಂದದ್ದೆಷ್ಟು, ಹೋದದ್ದೆಷ್ಟು ಎಂಬುದಕ್ಕೆ ಮೊದಲು ಮಣ್ಣಿನ ಸಣ್ಣ ಬಿಲ್ಲೆಗಳು, ಆಮೇಲೆ ಬಿಲ್ಲೆಗಳನ್ನು ಒಳಗಿಟ್ಟು ಮುದ್ರೆ ಒತ್ತಿದ ಟೊಳ್ಳು ಮಣ್ಣುಂಡೆಗಳು, ಆಮೇಲೆ ಅಂಕಿ ಒತ್ತಿದ ಫಲಕಗಳು. ಕ್ರಿ.ಪೂ. 3300ರ ಆಸುಪಾಸಿಗೆ ಉರುಕ್‌ನ ಎಅನ್ನಾ ಎಂಬ ಗುಡಿ ಆವರಣದಲ್ಲಿ ಚಿಹ್ನೆಗಳಿರುವ ಫಲಕಗಳು ಬರುತ್ತವೆ. ಅಲ್ಲಿ ಸಿಕ್ಕ ಸುಮಾರು 5,000 ಫಲಕಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಬರೀ ಲೆಕ್ಕ. ಉಳಿದವು ಬರವಣಿಗೆ ಕಲಿಯುವವರ ಪದಪಟ್ಟಿ. ಕಥೆ, ಸ್ತೋತ್ರ, ರಾಜಪ್ರಶಸ್ತಿ ಒಂದೂ ಇಲ್ಲ.

ಒಂದು ಫಲಕದಲ್ಲಿ 29,086 ಅಳತೆ ಬಾರ್ಲಿ, 37 ತಿಂಗಳು, ಜೊತೆಗೆ ‘ಕುಶಿಮ್’ ಎಂದು ಓದಬಹುದಾದ ಚಿಹ್ನೆಗಳು. ಅದು ವ್ಯಕ್ತಿಯೋ ಹುದ್ದೆಯೋ ಎಂಬ ಚರ್ಚೆ ಇದೆ. ಮೂರು ವರ್ಷದ ದಾಸ್ತಾನನ್ನು ಒಟ್ಟುಗೂಡಿಸಿ ಒಂದೇ ಅಂಕಿಯಾಗಿ ಬರೆಯುವ ಪದ್ಧತಿ ಆಗಲೇ ಇತ್ತು ಅನ್ನುವುದು ಮುಖ್ಯ. ಎಣಿಸುವ ವಸ್ತುವಿಗೆ ತಕ್ಕಂತೆ ಎಣಿಕೆಯೂ ಬೇರೆ: ಕುರಿ, ಆಳುಗಳಿಗೆ ಒಂದು, ಪಡಿಯ ಆಹಾರಕ್ಕೆ ಒಂದು, ಧಾನ್ಯಕ್ಕೆ ಇನ್ನೊಂದು.

ಅಂಚು ಓರೆಯಾಗಿ ಕತ್ತರಿಸಿದ, ಅಚ್ಚಿಗೆ ಒತ್ತಿ ಮಾಡಿದ ಒರಟು ಬಟ್ಟಲುಗಳು ಉರುಕ್ ಕಾಲದ ನೆಲೆಗಳಲ್ಲಿ ರಾಶಿ ರಾಶಿ ಸಿಗುತ್ತವೆ. ಪಡಿ ಅಳೆಯುವ ಬಟ್ಟಲು ಎಂದು ಕೆಲವರು, ರೊಟ್ಟಿ ಬೇಯಿಸುವ ಅಚ್ಚು ಎಂದು ಕೆಲವರು. ‘ಉಣ್ಣು’ ಎಂಬುದಕ್ಕೆ ಬರೆದ ಚಿಹ್ನೆ ಒಂದು ತಲೆ ಮತ್ತು ಒಂದು ಬಟ್ಟಲು. ರೊಟ್ಟಿಯಾದರೂ ಧಾನ್ಯವಾದರೂ, ಕೂಲಿ ಬಟ್ಟಲಿನ ಲೆಕ್ಕದಲ್ಲೇ ಬರುತ್ತಿತ್ತು ಎಂದು ಇದರಿಂದ ನನಗನಿಸುತ್ತದೆ. ಸಾವಿರ ವರ್ಷದ ನಂತರ ಇದು ಪಕ್ಕಾ ದರವಾಯಿತು: ಗಂಡಾಳಿಗೆ ತಿಂಗಳಿಗೆ 60 ಸಿಲ, ಅಂದರೆ ಹೆಚ್ಚುಕಡಿಮೆ 60 ಲೀಟರ್ ಬಾರ್ಲಿ, ಹೆಣ್ಣಾಳಿಗೆ 30ರಿಂದ 40. ಹೆಂಗಸರ ದುಡಿಮೆಯೇ ಉಣ್ಣೆಬಟ್ಟೆಯಾಯಿತು. ಮಗಾನ್, ಅಂದರೆ ಓಮಾನ್ ಕಡೆಯ ತಾಮ್ರ ಬಂದದ್ದು ಈ ಬಟ್ಟೆ, ಧಾನ್ಯಗಳ ಬದಲಿಗೆ. ಬಯಲುಸೀಮೆ ಅವರು ಕೇಳಿದ ಕಲ್ಲು, ಮರ, ಲೋಹಕ್ಕೆ ಉತ್ತರ ಇಲ್ಲಿದೆ.

ಹರಿಹರದ ಓದುಗ

ಇಷ್ಟು ಜನಕ್ಕೆ ಪಡಿ ಕೊಡಲು ಆ ನೆಲದಲ್ಲಿ ಎಷ್ಟು ಬೆಳೆಯುತ್ತಿತ್ತು? ಎಕರೆ ಲೆಕ್ಕದಲ್ಲಿ ಹೇಳಿದರೆ ನಮ್ಮಂಥವರಿಗೆ ಅಂದಾಜು ಸಿಗುತ್ತದೆ.

ಕೂರಿಗೆ

ಸುಮೇರಿನ ನಿಪ್ಪುರ್‌ನಲ್ಲಿ 1949–50ರಲ್ಲಿ ಸಿಕ್ಕ ಫಲಕದಿಂದ ಪೂರ್ಣ ರೂಪ ಪಡೆದ ಸುಮೇರಿ ಬೇಸಾಯದ ಕೈಪಿಡಿ ಒಂದಿದೆ. ನೀರು ಬಿಟ್ಟು ನೆಲ ನೆನೆಸುವುದರಿಂದ ಹಿಡಿದು ತೂರುವವರೆಗೆ ಕ್ರಮವಾಗಿ ಹೇಳುತ್ತದೆ. ಬಿತ್ತನೆಗೆ ಅವರು ಬಳಸುತ್ತಿದ್ದದ್ದು ನಮ್ಮ ಕೂರಿಗೆಯ ತತ್ತ್ವವೇ: ನೇಗಿಲಿಗೆ ನೆಟ್ಟಗೆ ಕಟ್ಟಿದ ಕೊಳವೆ, ಮೇಲೆ ಬಟ್ಟಲು, ಒಬ್ಬ ಬೀಜ ಬಿಡುತ್ತಾ ಹೋಗುತ್ತಾನೆ. ನಮ್ಮ ಕೂರಿಗೆಗೆ ಮೂರು ನಾಲ್ಕು ತಾಳು ಇರುತ್ತವೆ, ಅವರದು ಒಂದೇ ಸಾಲಿನದು.

ಕೈಪಿಡಿಯ ಅಳತೆ ಹೀಗಿದೆ. ಸುಮಾರು 6 ಮೀಟರಿನ ಒಂದು ನಿಂದನ್ ಅಗಲಕ್ಕೆ ಎಂಟು ಸಾಲು, ಅಂದರೆ ಸಾಲಿನಿಂದ ಸಾಲಿಗೆ 75 ಸೆಂ.ಮೀ. ಬೀಜ ಎರಡು ಬೆರಳು ಆಳ. ಒಂದು ನಿಂದನ್ ಉದ್ದದ ಸಾಲಿಗೆ ಒಂದು ಗಿನ್ ಬೀಜ, ಎಂದರೆ ಸಿಲದ ಅರವತ್ತನೇ ಒಂದು ಪಾಲು (ಇದು ಧಾನ್ಯದ ಗಿನ್, ಮಣ್ಣು ಅಗೆಯುವ ಲೆಕ್ಕದ ಗಿನ್ ಬೇರೆ). ಗುಣಿಸಿದರೆ ಹೆಕ್ಟೇರಿಗೆ 37 ಲೀಟರ್, ಎಕರೆಗೆ 15 ಲೀಟರ್, ತೂಕದಲ್ಲಿ 9–10 ಕೆ.ಜಿ. ಎರಚಿ ಬಿತ್ತುವುದಕ್ಕೆ ಹೋಲಿಸಿದರೆ ಇದು ತೀರಾ ಕಡಿಮೆ. ಉರ್ ಮೂರನೇ ರಾಜವಂಶದ ಕಾಲದಲ್ಲಿ ಗಿರ್ಸು ನಗರದ ಅಧಿಕಾರಿಗಳು ನಿರೀಕ್ಷಿಸುತ್ತಿದ್ದ ಇಳುವರಿ 6.5 ಹೆಕ್ಟೇರಿನ ಒಂದು ಬುರ್‌ಗೆ 30 ಗುರ್, ಗುರ್‌ಗೆ 300 ಸಿಲ. ಎಕರೆಗೆ 560 ಲೀಟರ್, ಮೂರೂವರೆ ಕ್ವಿಂಟಲ್. ಇಂದಿನ ಇಳುವರಿ ನೋಡಿದವರಿಗೆ ಕಡಿಮೆ ಅನಿಸಬಹುದು. ಆದರೆ ಬಿತ್ತಿದ್ದಕ್ಕೆ ಮೂವತ್ತು ಪಟ್ಟಿಗೂ ಹೆಚ್ಚು. ಕಣಜಕ್ಕೆ ಮಿಕ್ಕುತ್ತಿದ್ದದ್ದು ಬೀಜದ ಉಳಿತಾಯದಿಂದ.

ನೀರು ಮೂರು ಸಲ: ಸಾಲಿನ ಕಿರಿದಾದ ತಳ ತುಂಬುವಷ್ಟು ಪೈರು ಬಂದಾಗ, ನೆಲ ಮುಚ್ಚಿದಾಗ, ಪೂರ್ತಿ ಎದ್ದು ನಿಂತಾಗ. ಪೈರು ಕೆಂಪಗಾಗಿದ್ದರೆ ರೋಗ, ಆಗ ನೀರು ಬಿಡಬೇಡ ಎನ್ನುತ್ತದೆ. ಚೆನ್ನಾಗಿದ್ದರೆ ನಾಲ್ಕನೆಯ ನೀರು ಕೊಡು, ಹತ್ತಕ್ಕೆ ಒಂದು ಪಾಲು ಹೆಚ್ಚು ಬರುತ್ತದೆ. ಹೊಲ ಉದ್ದನೆಯ ಪಟ್ಟಿಯಾಗಿರಲು ಇನ್ನೊಂದು ಕಾರಣ ನಾಲ್ಕೆತ್ತಿನ ನೇಗಿಲು. ತಿರುವು ಕಡಿಮೆಯಾದಷ್ಟೂ ದಿನದ ಉಳುಮೆ ಹೆಚ್ಚು.

ಸವಳು ನೆಲ

ಆ ನಾಲ್ಕನೆಯ ನೀರಿನ ಬಗ್ಗೆ ಹೇಳಲೇಬೇಕು. ಲೀಟರಿಗೆ ಅರ್ಧ ಗ್ರಾಂ ಉಪ್ಪಿರುವ ನೀರನ್ನು ಹಂಗಾಮಿಗೆ ಒಟ್ಟು ಅರ್ಧ ಮೀಟರ್ ಹಾಯಿಸಿದರೆ ಎಕರೆಗೆ ಒಂದು ಟನ್ ಉಪ್ಪು ಸೇರುತ್ತದೆ. ಬೆಳೆ ನೀರು ಕುಡಿಯುತ್ತದೆ, ಬಿಸಿಲು ನೀರು ಹೀರುತ್ತದೆ, ಉಪ್ಪು ಅಲ್ಲೇ. ಕೆಳಕ್ಕೆ ಬಸಿದು ಹೋಗಲು ಇಳಿಜಾರಿಲ್ಲ. ಅಂತರ್ಜಲ ಮೇಲೇರಿ ಒಂದೂವರೆ ಎರಡು ಮೀಟರಿನೊಳಗೆ ಬಂದರೆ ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಉಪ್ಪುನೀರು ಮೇಲಕ್ಕೆ ಹತ್ತಿ, ಆರಿ, ಬಿಳಿ ಪದರವಾಗುತ್ತದೆ. ತುಂಗಭದ್ರಾ ಎಡದಂಡೆಯ ಸಿಂಧನೂರು, ಗಂಗಾವತಿ ಕಡೆ ಸವಳು ಜವಳು ಆದ ಹೊಲ ನೋಡಿದವರಿಗೆ ಇದರ ವಿವರಣೆ ಬೇಕಾಗಿಲ್ಲ.

ಉಪ್ಪು ಹೆಚ್ಚಿದಷ್ಟೂ ಮಣ್ಣಿನ ವಿದ್ಯುತ್ ವಾಹಕತೆ ಹೆಚ್ಚುತ್ತದೆ. ಅದು ಮೀಟರಿಗೆ 6 ಡೆಸಿಸೀಮನ್ಸ್ ದಾಟಿದರೆ ಗೋಧಿಯ ಇಳುವರಿ ಬೀಳತೊಡಗುತ್ತದೆ, ಬಾರ್ಲಿ 8ರ ತನಕ ತಡೆಯುತ್ತದೆ. ಗೋಧಿ ಹಿಂದೆ ಸರಿದು ಬಾರ್ಲಿ ಉಳಿದದ್ದು, ಇಳುವರಿ ಕುಸಿದದ್ದು, ಕೊನೆಗೆ ದಕ್ಷಿಣದ ನಗರಗಳು ಸೋತದ್ದು ಎಲ್ಲಕ್ಕೂ ಉಪ್ಪೇ ಕಾರಣ ಎಂದು 1958ರಲ್ಲಿ ಜೇಕಬ್ಸನ್ ಮತ್ತು ಆಡಮ್ಸ್ ವಾದಿಸಿದರು. 1985ರಲ್ಲಿ ಮಾರ್ವಿನ್ ಪೊವೆಲ್ ಅದೇ ಫಲಕಗಳನ್ನು ಮತ್ತೆ ಓದಿ, ಅಳತೆ ಹೋಲಿಸಿದ ರೀತಿ ಸರಿಯಿಲ್ಲ, ರೈತರಿಗೆ ಉಪ್ಪು ತೊಳೆಯುವ ವಿದ್ಯೆ ಗೊತ್ತಿತ್ತು ಎಂದರು. ನನ್ನ ಒಲವು ಪೊವೆಲ್ ಕಡೆಗೆ, ಪೂರ್ತಿಯಾಗಿ ಅಲ್ಲ. ವರ್ಷ ಬಿಟ್ಟು ವರ್ಷ ಬೀಳುಬಿಟ್ಟರೆ ಆಳಕ್ಕೆ ಬೇರಿಳಿಸುವ ಶೋಕ್, ಆಗುಲ್ ಎಂಬ ಮುಳ್ಳುಕಳೆಗಳು ತೇವ ಹೀರಿ ಅಂತರ್ಜಲವನ್ನು ತಗ್ಗಿಸುತ್ತವೆ. ಪದ್ಧತಿ ಅಲ್ಲಿಯವರೆಗೆ ಸರಿ. ಪಡಿ ಕೊಡಬೇಕಾದ ಬಾಯಿ ಹೆಚ್ಚಾಗಿ ಬೀಳು ಬಿಡುವುದು ತಪ್ಪಿದಾಗ ಕೆಡುತ್ತದೆ.

ಬಯಲುಸೀಮೆ

ಸಿಂಧೂ ಕಣಿವೆ ಈ ಚೌಕಟ್ಟಿನಲ್ಲಿ ಎಲ್ಲಿ ಕೂರುತ್ತದೆ? ಇನ್ನೂ ಒಂದು: ನಮ್ಮ ಕೃಷ್ಣಾ, ತುಂಗಭದ್ರೆಯ ದಡದಲ್ಲೂ ಆಗ ಜನ ಇದ್ದರಲ್ಲ?

ಜೇಡಿಮಣ್ಣು

ಸಿಂಧೂ ಪ್ರವಾಹ ಜುಲೈಯಿಂದ ಸೆಪ್ಟೆಂಬರ್. ಇಳಿದ ಮೇಲೆ ಹಿಂಗಾರಿನಲ್ಲಿ ಗೋಧಿ, ಬಾರ್ಲಿ. ಅಂದರೆ ಕಾಲದ ದೃಷ್ಟಿಯಲ್ಲಿ ನೈಲ್‌ಗೆ ಹತ್ತಿರ. ಮುಖ್ಯ ಬಯಲಿನಲ್ಲಿ ದೊಡ್ಡ ಕಾಲುವೆಗಳ ಗುರುತು ಸಿಕ್ಕಿಲ್ಲ. ಹರಪ್ಪ ಜನರ ಕಾಲುವೆ ಸಿಕ್ಕಿರುವುದು ದೂರದ ಅಫ್ಘಾನಿಸ್ತಾನದ ಶೋರ್ತುಗೈಯಲ್ಲಿ. ಅವರ ಶ್ರಮ ಹೋದದ್ದು ಊರೊಳಗಿನ ನೀರಿಗೆ: ಮೊಹೆಂಜೊದಾರೋದಲ್ಲಿ ಬಾವಿಗಳು ಸುಮಾರು 700 ಇದ್ದಿರಬಹುದೆಂದು ಅಂದಾಜು, ಧೋಲಾವೀರದಲ್ಲಿ ಎರಡು ಹಂಗಾಮಿ ತೊರೆಗಳಿಂದ ತುಂಬುವ ಕಲ್ಲಿನ ಜಲಾಶಯಗಳು. ಈಗ ಮಳೆಗಾಲದಲ್ಲಷ್ಟೇ ಹರಿಯುವ ಘಗ್ಗರ್–ಹಕ್ರಾ ನದಿಪಾತ್ರದ ಬಗ್ಗೆ 2017ರಲ್ಲಿ ಬಂದ ಅಧ್ಯಯನದ ಪ್ರಕಾರ ಸಟ್ಲೆಜ್ ಆ ಪಾತ್ರವನ್ನು 8,000 ವರ್ಷಗಳ ಹಿಂದೆಯೇ ಬಿಟ್ಟಿತ್ತು. ಕಾಲಿಬಂಗನ್‌ನಂಥ ಊರುಗಳು ಎದ್ದದ್ದು ಮಹಾನದಿ ಬಿಟ್ಟುಹೋದ ಹಳೆ ಪಾತ್ರದ ಪಕ್ಕ. ಪ್ರವಾಹದ ಭಯವಿಲ್ಲದ, ತೇವ ಉಳಿಯುವ ಜಾಗ ಅದು. ಸುಮೇರಿನ ಜೊತೆ ಅವರಿಗೆ ವ್ಯವಹಾರವೂ ಇತ್ತು. ಮೆಲುಹ್ಹ (ಸಿಂಧೂ ಪ್ರದೇಶಕ್ಕೆ ಸುಮೇರಿನವರು ಇಟ್ಟ ಹೆಸರು ಎಂದು ಬಹುತೇಕರ ಅಭಿಪ್ರಾಯ) ಭಾಷೆಯ ದುಭಾಷಿ ಎಂದು ಬರೆಸಿಕೊಂಡ ಶು-ಇಲಿಶು ಎಂಬವನ ಮುದ್ರೆ ಲೂವ್ರ್‌ನಲ್ಲಿದೆ.

ಕೂರಿಗೆ

ಕೃಷ್ಣಾ, ತುಂಗಭದ್ರೆಯ ಆಸುಪಾಸಿನಲ್ಲಿ, ಬಳ್ಳಾರಿಯ ಸಂಗನಕಲ್ಲು, ಸುರಪುರದ ಕಡೆಯ ಬೂದಿಹಾಳ, ತೆಕ್ಕಲಕೋಟೆಗಳಲ್ಲಿ ಕ್ರಿ.ಪೂ. 3000ದಿಂದ 1200ರ ನಡುವಿನ ನವಶಿಲಾಯುಗದ ಜನ ಇದ್ದರು. ಆದರೆ ಅವರು ನೆಚ್ಚಿದ್ದು ನದಿಯ ನೀರನ್ನಲ್ಲ. ಕೊರಲೆ, ಹುರುಳಿ, ಹೆಸರು ಮುಂಗಾರಿನ ಮಳೆಗೆ ಬರುವ ಬೆಳೆಗಳು. ಹಟ್ಟಿಯ ಸಗಣಿ ಒಟ್ಟಿ ಸುಟ್ಟ ಬೂದಿದಿಬ್ಬಗಳು ದನಗಾಹಿ ಬದುಕಿನ ಗುರುತು. ನಮ್ಮ ನದಿಗಳು ಕಲ್ಲುನೆಲವನ್ನು ಕೊರೆದುಕೊಂಡು ತಗ್ಗಿನಲ್ಲಿ ಹರಿಯುತ್ತವೆ, ಹೊಲ ಮೇಲಿರುತ್ತದೆ. ಒಡ್ಡು ಕಡಿದರೆ ನೀರು ಹೊಲಕ್ಕೆ ಇಳಿಯುವ ಯೂಫ್ರೆಟಿಸ್‌ಗೆ ಇದು ಪೂರ್ತಿ ತಿರುಗುಮುರುಗು. ಹೊಳೆಗೆ ಅಡ್ಡಕಟ್ಟೆ ಹಾಕದೆ ಇಲ್ಲಿ ನೀರು ಹೊಲ ಹತ್ತುವುದಿಲ್ಲ. ಮಳೆಗೆ ಬೆಳೆಯುವವರು ಚದುರಿಯೇ ಇರಬಹುದು, ಕೂಡಿ ಹೂಳೆತ್ತುವ, ಪಡಿ ಹಂಚುವ ಒತ್ತಡ ಅವರ ಮೇಲಿಲ್ಲ.

ಹರಿಹರದ ಓದುಗ

ಕೊನೆಯದಾಗಿ: ಐದು ಸಾವಿರ ವರ್ಷದ ಹಿಂದಿನ ಕಾಲುವೆ ಎಂದು ಹೇಗೆ ಗುರುತಿಸುತ್ತಾರೆ? ಎಲ್ಲವೂ ಹೂಳಿನಡಿ ಹೋಗಿರುವುದಿಲ್ಲವೇ?

ಹೂಳು

ಬಹಳಷ್ಟು ಹೋಗಿವೆ. ಉಳಿದವಕ್ಕೆ ಒಳ್ಳೆಯ ಆಕರ 1960ರ ದಶಕದ ಅಮೆರಿಕದ ಕರೋನಾ ಗೂಢಚರ ಉಪಗ್ರಹದ ಚಿತ್ರಗಳು, 1995ರಲ್ಲಿ ಸಾರ್ವಜನಿಕವಾದವು. ಟ್ರ್ಯಾಕ್ಟರು, ಹೊಸ ಕಾಲುವೆಗಳು ನೆಲ ಸಮ ಮಾಡುವ ಮೊದಲಿನವಾದ್ದರಿಂದ ಏರಿಗಳ ನೆರಳು ಸ್ಪಷ್ಟ. ಅದರಲ್ಲಿ ಸಾಲು ಗುರುತಿಸಿ, ಪಕ್ಕದ ದಿಬ್ಬಗಳಿಗೆ ಹೋಗಿ ಮೇಲ್ಮೈಯ ಮಡಕೆಚೂರು ಆರಿಸಿ, ಚೂರಿನ ಕಾಲದಿಂದ ಊರಿನ ಕಾಲ, ಊರಿನ ಕಾಲದಿಂದ ಕಾಲುವೆಯ ಕಾಲ ಊಹಿಸುತ್ತಾರೆ. ಒಂದೇ ರೇಖೆಯಲ್ಲಿ ಒಂದೇ ಕಾಲದ ನಾಲ್ಕೈದು ಊರು ಸಾಲಾಗಿ ಕೂತಿದ್ದರೆ ನಂಬಬಹುದು. ಎಡವುವುದು ಎಲ್ಲಿ ಎಂದರೆ, ಪರ್ಷಿಯಾದ ಸಾಸಾನಿಯನ್ ದೊರೆಗಳ ಕಾಲದಲ್ಲಿ (ಕ್ರಿ.ಶ. 3ರಿಂದ 7ನೇ ಶತಮಾನ) ಹಳೆಯ ಪಾತ್ರವನ್ನೇ ಮತ್ತೆ ತೋಡಿ ಬಳಸಿದ ಕಡೆ. ಅಲ್ಲಿ ಮೇಲೆ ಸಿಗುವುದು ಅವರ ಚೂರು, ಉರುಕ್ ಕಾಲದ್ದು ಅಡಿಯಲ್ಲಿ. ಅಂಥ ಕಡೆ ಏರಿಗೆ ಅಡ್ಡಲಾಗಿ ಕಂದಕ ತೋಡಿ ಹೂಳಿನ ಪದರಗಳನ್ನು ಒಂದೊಂದಾಗಿ ನೋಡದೆ ಕಾಲ ಹೇಳಲಾಗದು.